ಗ್ಯಾಸ್ ಖಾಲಿ ಆಗಿದೆ ಸಾರ್!

ಏಪ್ರಿಲ್ ಬಂತೆಂದರೆ ಕಲಬುರಗಿ ಕಡೆ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಬಾಗಿಲು ಹಾಕುತ್ತವೆ. ಆಮೇಲೆ ಸಂಜೆ ಐದರವರೆಗೆ ಬೀದಿಯಲ್ಲಿ ನಾಯಿಯೂ ಕಾಣುವುದಿಲ್ಲ. ಕಾಣುವವರು ಕಲ್ಲಂಗಡಿ ಗಾಡಿಯವರು, ಇಲ್ಲವೇ ಬೈಕಿನ ಹಿಂದೆ ಸಿಲಿಂಡರ್ ಕಟ್ಟಿಕೊಂಡು, ತಲೆಗೆ ಒದ್ದೆ ಟವೆಲ್ ಸುತ್ತಿಕೊಂಡು ಹೋಗುವ ಎಸಿ ಮೆಕ್ಯಾನಿಕ್‌ಗಳು.

ನಮ್ಮ ಮನೆಗೆ ಎಸಿ ಬಂದದ್ದು 2014ರಲ್ಲಿ. ಅಪ್ಪನಿಗೆ ಹೃದಯದ ಆಪರೇಷನ್ ಆಗಿ ಮೇ ತಿಂಗಳ ನಡುಮಧ್ಯ ಮನೆಗೆ ಕರೆತರಬೇಕಾಗಿತ್ತು. ಕೂಲರ್‌ಗೆ ಹುಲ್ಲಿನ ಪ್ಯಾಡ್ ಬದಲಿಸಿ, ನೀರು ತುಂಬಿ ಇಟ್ಟಿದ್ದ ಅವ್ವ ಡಾಕ್ಟರ ಮಾತಿಗೆ ಮಣಿದು ಒಂದೂವರೆ ಟನ್ನಿನ ಯಂತ್ರಕ್ಕೆ ಒಪ್ಪಿದಳು. ಟನ್ ಎಂದರೆ ತೂಕ ಎಂದುಕೊಂಡ ಪಕ್ಕದ ಮನೆಯ ಹಿರಿಯರು, ‘ನಿಮ್ಮ ಮಾಳಿಗಿ ತಡೀತದೇನ್ರಿ?’ ಎಂದು ನಿಜವಾಗಿಯೂ ಆತಂಕದಿಂದ ಕೇಳಿದ್ದರು. ಅವರದು ಪೂರ್ತಿ ತಪ್ಪೂ ಅಲ್ಲ. ಸುಮಾರು 907 ಕಿಲೋ ಐಸು 24 ಗಂಟೆಯಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತದೋ ಅದೇ ಒಂದು ಟನ್. ಐಸಿನ ಗಾಡಿ ಮನೆಮನೆಗೆ ಬರುತ್ತಿದ್ದ ಕಾಲದ ಅಳತೆ ಇನ್ನೂ ಉಳಿದುಕೊಂಡಿದೆ.

ನಾಲ್ಕೈದು ವರ್ಷ ಯಂತ್ರ ಸದ್ದಿಲ್ಲದೆ ದುಡಿಯಿತು. ಆಮೇಲೆ ಒಂದು ಬೇಸಿಗೆಯಲ್ಲಿ ಗಾಳಿ ಬರುತ್ತಿದೆ, ತಂಪು ಬರುತ್ತಿಲ್ಲ. ಯಾರೋ ಕೊಟ್ಟ ನಂಬರಿಗೆ ಫೋನ್ ಮಾಡಿದೆವು. ಹುಡುಗ ಬಂದ, ಔಟ್‌ಡೋರ್ ಯಂತ್ರಕ್ಕೆ ಗೇಜು ಹಚ್ಚಿದ, ‘ಗ್ಯಾಸ್ ಖಾಲಿ ಆಗ್ಯಾದ್ರಿ’ ಎಂದ. 2,800 ರೂಪಾಯಿ. ಮರುವರ್ಷ ಬೇರೆ ಹುಡುಗ, ಅದೇ ಮಾತು, 3,000 ರೂಪಾಯಿ. ಮೂರನೆಯ ವರ್ಷವೂ ಒಬ್ಬ ಬಂದು ಅದನ್ನೇ ಹೇಳಿದಾಗ, ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

‘ಯಾಕೋ ತಮ್ಮಾ, ಅಡಗಿ ಸಿಲಿಂಡರ್ ಏನದು, ವರ್ಷಾ ವರ್ಷಾ ಖಾಲಿ ಆಗ್ಲಾಕ? ಹೋದ ವರ್ಷ ತುಂಬಿದ್ದು ಎಲ್ಲಿಗಿ ಹೋತು, ಅದನ್ನ ಹೇಳು ಮೊದಲ.’

ಹುಡುಗ ಏನೂ ಹೇಳಲಿಲ್ಲ. ಬೆಂಗಳೂರಿನಿಂದ ರಜೆಗೆ ಬಂದಿದ್ದ, ಇಂಜಿನಿಯರಿಂಗ್ ಓದಿದ ನಾನೂ ಏನೂ ಹೇಳಲಿಲ್ಲ. ನನಗೆ ಆ ಪ್ರಶ್ನೆ ಹೊಳೆದಿರಲೇ ಇಲ್ಲ ಎನ್ನುವುದು ಈಗಲೂ ನನ್ನನ್ನು ಚುಚ್ಚುತ್ತದೆ.

ಕಪಿಲೆಯ ಚೀಲ

ಅವ್ವನ ತವರಿನಲ್ಲಿ ಕಪಿಲೆ ಬಾವಿ ಇತ್ತಂತೆ. ಎತ್ತುಗಳು ಇಳಿಜಾರಿನಲ್ಲಿ ಮುಂದೆ ನಡೆದರೆ ತೊಗಲಿನ ಚೀಲ ನೀರು ತುಂಬಿಕೊಂಡು ಮೇಲೆ ಬರುತ್ತದೆ, ಕಾಲುವೆಗೆ ಸುರಿಯುತ್ತದೆ, ಎತ್ತು ಹಿಂದೆ ಸರಿದರೆ ಮತ್ತೆ ಬರಿದಾಗಿ ಬಾವಿಗೆ ಇಳಿಯುತ್ತದೆ. ಎಸಿಯೊಳಗಿನ ಗ್ಯಾಸಿನ ಕೆಲಸವೂ ಇಷ್ಟೇ. ಕೋಣೆಯೊಳಗಿನ ಕಾಯಿಲ್‌ನಲ್ಲಿ ಅದು ದ್ರವದಿಂದ ಆವಿಯಾಗುತ್ತಾ ಶಾಖವನ್ನು ತುಂಬಿಕೊಳ್ಳುತ್ತದೆ. ಕಂಪ್ರೆಸರ್ ಅದನ್ನು ಒತ್ತಿ ಹೊರಗಿನ ಕಾಯಿಲ್‌ಗೆ ದೂಡುತ್ತದೆ. ಅಲ್ಲಿ ಶಾಖವನ್ನು ಬೀದಿಗೆ ಸುರಿದು, ಮತ್ತೆ ದ್ರವವಾಗಿ ಒಳಗೆ ಬರುತ್ತದೆ. ಎತ್ತಿನ ಜಾಗದಲ್ಲಿ ಕಂಪ್ರೆಸರ್, ಚೀಲದ ಜಾಗದಲ್ಲಿ ಗ್ಯಾಸ್.

ನೀರು ಎತ್ತಿ ಎತ್ತಿ ಚೀಲ ಖರ್ಚಾಗುತ್ತದೆಯೇ? ಇಲ್ಲ. ತೂತಾಗಬಹುದು. ತೂತಾದರೆ ಹೊಲಿಸಬೇಕು.

ಎಸಿ ಎಂದರೆ ಬೆಸೆದು ಮುಚ್ಚಿದ ತಾಮ್ರದ ಕೊಳವೆಗಳ ಒಂದು ಸುತ್ತು. ಕಾರ್ಖಾನೆಯಲ್ಲಿ ತುಂಬಿದ ಗ್ಯಾಸು ಯಂತ್ರ ಸಾಯುವವರೆಗೂ ಇರಬೇಕಾದದ್ದು. ಅದರ ತೂಕ ಎಷ್ಟೆಂದು ಔಟ್‌ಡೋರ್ ಯಂತ್ರದ ಪಕ್ಕೆಗೆ ಅಂಟಿಸಿದ ಪಟ್ಟಿಯ ಮೇಲೇ ಬರೆದಿರುತ್ತದೆ. ಮನೆಯ ಯಂತ್ರಗಳಲ್ಲಿ ಅದು ಸಾಮಾನ್ಯವಾಗಿ ಒಂದು ಕಿಲೋದ ಆಸುಪಾಸು, ಅಷ್ಟೇ. ಅದು ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಸೋರಿಕೆ ಹುಡುಕದೆ ಗ್ಯಾಸ್ ತುಂಬುವುದು ತೂತಾದ ಕೊಡವನ್ನು ನಲ್ಲಿಯ ಕೆಳಗೆ ಇಟ್ಟ ಹಾಗೆ. ಹಾಗೆ ತುಂಬುವವರಿಗೆ ನಾವು ವರ್ಷವರ್ಷವೂ ಕರೆದು ಕರೆದು ದುಡ್ಡು ಕೊಡುತ್ತೇವೆ.

ಹಳೆಯ ಕಸುಬುಗಳ ಜೊತೆ ಹೋಲಿಸಿದರೆ ಇದರ ಪೇಚು ತಿಳಿಯುತ್ತದೆ. ಕಲಾಯಿ ಹಾಕುವವನು ಬೀದಿಯ ಕೊನೆಯಲ್ಲಿ ಗುಂಡಿ ತೋಡಿ, ತಿದಿ ಒತ್ತಿ, ನವಸಾಗರದ ಹೊಗೆ ಎಬ್ಬಿಸಿ ಎಲ್ಲರ ಕಣ್ಣೆದುರು ಕೆಲಸ ಮಾಡುತ್ತಿದ್ದ. ಪಾತ್ರೆ ಹೊಳೆಯಿತೋ ಇಲ್ಲವೋ ಮಕ್ಕಳಿಗೂ ಗೊತ್ತಾಗುತ್ತಿತ್ತು. ಎಸಿಯ ಕೆಲಸ ನಡೆಯುವುದು ಗೋಡೆಯಾಚೆ, ಸಜ್ಜೆಯ ಮೇಲೆ. ತುಂಬುವ ವಸ್ತುವಿಗೆ ಬಣ್ಣವೂ ಇಲ್ಲ, ಹೇಳಿಕೊಳ್ಳುವಂಥ ವಾಸನೆಯೂ ಇಲ್ಲ. ಅವನು ಅರ್ಧ ಕಿಲೋ ತುಂಬಿದನೋ, ಬರೀ ಸಿಲಿಂಡರ್ ತೋರಿಸಿ ಇಳಿದನೋ ನಮಗೆ ಹೇಗೆ ತಿಳಿಯಬೇಕು? ಕಾಣದ ಸರಕಿಗೆ ಬೆಲೆ ಕಟ್ಟುವಾಗ ಮನುಷ್ಯನನ್ನೇ ನೋಡಬೇಕಾಗುತ್ತದೆ.

ಚಾಚಾ ಬಂದರು

ಅವ್ವನ ಪ್ರಶ್ನೆಗೆ ಉತ್ತರ ಕೊಡಲಾಗದ ಹುಡುಗ ಸಂಜೆ ಬರುತ್ತೇನೆ ಎಂದು ಹೋದವನು ಬರಲೇ ಇಲ್ಲ. ಮರುದಿನ ಅವ್ವ ಹಾಲಿನವನ ಮೂಲಕ ಒಬ್ಬರನ್ನು ಕರೆಸಿದಳು. ಅರವತ್ತು ದಾಟಿದವರು. ಓಣಿಯೊಳಗೆ ಹಳೆಯ ಫ್ರಿಜ್‌ಗಳ ನಡುವೆ ಕೂತು ಕೆಲಸ ಮಾಡುವವರು. ಊರಿಗೆಲ್ಲ ‘ಚಾಚಾ’.

ಅವರು ಬಂದವರೇ ಗೇಜು ತೆಗೆಯಲಿಲ್ಲ. ಎಸಿ ಹಾಕಿಸಿ, ಕುರ್ಚಿ ಎಳೆದುಕೊಂಡು ಹತ್ತು ನಿಮಿಷ ಸುಮ್ಮನೆ ಕೂತರು. ಚಹಾ ಬೇಡವೆಂದು ನೀರು ಕುಡಿದರು. ಕೇಳಿದ್ದು ಬರೀ ಪ್ರಶ್ನೆಗಳು: ಒಮ್ಮೆಲೇ ತಂಪು ನಿಂತಿತೋ, ದಿನದಿನಕ್ಕೆ ಕಡಿಮೆಯಾಯಿತೋ? ರಾತ್ರಿ ಹೇಗೆ, ಮಧ್ಯಾಹ್ನ ಹೇಗೆ? ಹೋದ ಸರ್ತಿ ಗ್ಯಾಸ್ ತುಂಬಿದ ಮೇಲೆ ಎಷ್ಟು ತಿಂಗಳು ನಡೆಯಿತು? ಜಾಲರಿ ತೆಗೆದು ತೊಳೆಯುತ್ತೀರೋ? ವೋಲ್ಟೇಜ್ ಕಡಿಮೆ ಬರುತ್ತದೋ? ಆಮೇಲೆ ಮಾಳಿಗೆಗೆ ಹತ್ತಿ ಔಟ್‌ಡೋರ್ ಫ್ಯಾನಿನ ಎದುರು ಅಂಗೈ ಹಿಡಿದರು. ಬಿಸಿ ಗಾಳಿ ಬರುತ್ತಿರಲಿಲ್ಲ, ಉಗುರುಬೆಚ್ಚಗಿತ್ತು. ಒಳಗಿನ ಶಾಖ ಹೊರಗೆ ಬರುತ್ತಿಲ್ಲ ಎನ್ನುವುದಕ್ಕೆ ಅದೇ ಮೊದಲ ಗುರುತು ಎಂದರು. ಗೇಜು ಹಚ್ಚಿದ್ದು ಇಷ್ಟೆಲ್ಲ ಆದ ಮೇಲೆ.

‘ಅಮ್ಮಾ, ಗ್ಯಾಸ್ ಹೋಗ್ಯಾದ್ ಖರೆ. ಆದ್ರ ಅದು ಹೋದ ಹಾದಿ ಯಾವ್ದದ ಅಂತ ನೋಡ್ಬೇಕಲ್ಲ.’

ಬ್ರಷ್ಷನ್ನು ಬಟ್ಟೆ ಸೋಪಿನ ನೊರೆಯಲ್ಲಿ ಅದ್ದಿ ಒಂದೊಂದು ಕೀಲಿಗೂ ಹಚ್ಚುತ್ತಾ ಬಂದರು. ಒಳಗಿನ ಯಂತ್ರದ ಹಿಂದೆ, ಗೋಡೆಗೆ ಆನಿಸಿಕೊಂಡಂತಿದ್ದ ಒಂದು ಫ್ಲೇರ್ ನಟ್‌ನಲ್ಲಿ ಸಾಸಿವೆ ಗಾತ್ರದ ಗುಳ್ಳೆ ಎದ್ದಿತು. ಒಡೆಯಿತು. ಮತ್ತೊಂದು ಎದ್ದಿತು. ಎರಡು ಬೇಸಿಗೆಯ ದುಡ್ಡು ಆ ಗುಳ್ಳೆಯಲ್ಲಿ ಹೋಗಿತ್ತು. ಕೊಳವೆಯ ತುದಿಯನ್ನು ತುತ್ತೂರಿಯ ಬಾಯಿಯಂತೆ ಅಗಲಿಸಿ ನಟ್ಟಿನಿಂದ ಬಿಗಿಯುವುದಕ್ಕೆ ಫ್ಲೇರ್ ಎನ್ನುತ್ತಾರೆ. ಯಂತ್ರ ಕೂರಿಸಿದ ದಿನವೇ ಆ ಬಾಯಿ ಸೊಟ್ಟಗೆ ಬಿಚ್ಚಿಕೊಂಡಿತ್ತು. ಎಸಿಯ ಆಯುಸ್ಸನ್ನು ಕಾರ್ಖಾನೆಗಿಂತ ಹೆಚ್ಚಾಗಿ ಕೂರಿಸುವವನ ಒಂದು ಗಂಟೆ ತೀರ್ಮಾನಿಸುತ್ತದೆ ಎಂದು ಅವತ್ತು ನನಗೆ ಗೊತ್ತಾಯಿತು. ಹಬ್ಬದ ಆಫರಿನಲ್ಲಿ ‘ಉಚಿತ ಇನ್‌ಸ್ಟಾಲೇಷನ್’ ಎಂದು ಖುಷಿಪಡುವವರು ಇದನ್ನು ನೆನಪಿಡುವುದು ಒಳ್ಳೆಯದು.

ತುದಿ ಕತ್ತರಿಸಿ ಹೊಸ ಫ್ಲೇರ್ ಮಾಡಿದರು. ನೈಟ್ರೋಜನ್ ತುಂಬಿ ಒತ್ತಡ ನಿಲ್ಲಿಸಿ, ಊಟ ಮಾಡಿ ಬರುತ್ತೇನೆಂದು ಹೋದರು. ಎರಡು ಗಂಟೆ ಬಿಟ್ಟು ಬಂದಾಗ ಗೇಜಿನ ಮುಳ್ಳು ಇಟ್ಟಲ್ಲೇ ಇತ್ತು. ಆಮೇಲೆ ವ್ಯಾಕ್ಯೂಮ್ ಪಂಪ್ ಅರ್ಧ ಗಂಟೆ ಓಡಿತು. ಕೊನೆಗೆ ಸಿಲಿಂಡರನ್ನು ತಕ್ಕಡಿಯ ಮೇಲಿಟ್ಟು, ಪಟ್ಟಿಯಲ್ಲಿ ಬರೆದಷ್ಟೇ ತೂಕದ ಗ್ಯಾಸ್ ಬಿಟ್ಟರು.

ಕೆಲಸ ಮುಗಿದ ಮೇಲೆ ಮಾಡಿದ್ದನ್ನು ನಾನು ಬೇರೆಲ್ಲೂ ನೋಡಿರಲಿಲ್ಲ. ಔಟ್‌ಡೋರ್ ಯಂತ್ರದ ಮುಚ್ಚಳದ ಒಳಮೈಗೆ ಮಾರ್ಕರಿನಲ್ಲಿ ತಾರೀಖು, ಎಷ್ಟು ಗ್ರಾಂ, ಓಡುವಾಗ ಎಷ್ಟು ಒತ್ತಡ, ಎಷ್ಟು ಆಂಪಿಯರ್ ಎಂದು ಬರೆದರು. ಯಾಕೆ ಎಂದೆ. ‘ನಾಳಿ ನಾ ಇರ್ತೀನೋ ಇಲ್ಲೋ. ಮುಂದ ತೆಗಿಯವ್ನಿಗಿ ಗೊತ್ತಾಗ್ಬೇಕಲ್ಲ.’

ಒಂದೇ ಲಕ್ಷಣ, ಹತ್ತು ರೋಗ

ಆ ಮೂರು ಹುಡುಗರೆಲ್ಲ ಮೋಸಗಾರರು ಎಂದು ನಾನು ಹೇಳುವುದಿಲ್ಲ. ತಂಪು ಬರದಿರಲು ಕಾರಣಗಳು ಹಲವು, ಮೇಲಿಂದ ಕಾಣುವ ಲಕ್ಷಣ ಒಂದೇ. ಜಾಲರಿಯಲ್ಲಿ ಧೂಳು ಕಟ್ಟಿದರೂ ಗಾಳಿ ಕಡಿಮೆಯಾಗಿ ಕಾಯಿಲ್ ಮೇಲೆ ಮಂಜು ಕಟ್ಟುತ್ತದೆ, ಗ್ಯಾಸ್ ಕಡಿಮೆಯಾದರೂ ಕಟ್ಟುತ್ತದೆ. ಮಂಜನ್ನು ತೋರಿಸಿ ‘ನೋಡಿ, ಗ್ಯಾಸ್ ಇಲ್ಲ’ ಎನ್ನುವವನು ಅರ್ಧ ಸತ್ಯ ಹೇಳುತ್ತಿರಬಹುದು, ಅರ್ಧ ಸುಳ್ಳೂ ಆಗಿರಬಹುದು. ಎರಡು ವಾರಕ್ಕೊಮ್ಮೆ ಜಾಲರಿಯನ್ನು ನಲ್ಲಿಯ ಕೆಳಗೆ ಹಿಡಿದರೆ ಬೇಸಿಗೆಯ ಅರ್ಧದಷ್ಟು ಫೋನ್ ಕರೆಗಳು ಬೇಕಾಗುವುದಿಲ್ಲ ಎಂದು ಚಾಚಾ ನಗುತ್ತಾರೆ. ನಕ್ಕು, ‘ಹಂಗ ಹೇಳಿದ್ರ ನಮ್ದು ನಡೀಬೇಕಲ್ಲ’ ಎಂದೂ ಸೇರಿಸುತ್ತಾರೆ.

ಹಳೆಯ, ಇನ್ವರ್ಟರ್ ಅಲ್ಲದ ಯಂತ್ರಗಳಲ್ಲಿ ಅತಿ ಹೆಚ್ಚು ಮೋಸ ಹೋಗುವ ಜಾಗ ಕೆಪಾಸಿಟರ್. ಹೊರಗಿನ ಫ್ಯಾನ್ ತಿರುಗುತ್ತದೆ, ಕಂಪ್ರೆಸರ್ ‘ಗುಂಯ್’ ಎಂದು ಏಳಲು ನೋಡಿ ಸುಮ್ಮನಾಗುತ್ತದೆ. ಉಬ್ಬಿಕೊಂಡ ಡಬ್ಬಿಯಂಥ ಕೆಪಾಸಿಟರ್ ಬದಲಿಸಿದರೆ ಕೆಲವು ನೂರು ರೂಪಾಯಿಯಲ್ಲಿ ಮುಗಿಯುತ್ತದೆ. ಅದನ್ನೇ ‘ಕಂಪ್ರೆಸರ್ ಹೋಯ್ತು’ ಎಂದು ಹೇಳಿದರೆ ಸಾವಿರಗಳ ಲೆಕ್ಕ, ಅಥವಾ ಹಳೆಯ ಯಂತ್ರವನ್ನು ಅವನಿಗೇ ಗುಜರಿ ಬೆಲೆಗೆ ಕೊಟ್ಟು ಹೊಸದು ತರುವುದು. ಇನ್ವರ್ಟರ್ ಯಂತ್ರಗಳಲ್ಲಿ ಆ ಸ್ಥಾನಕ್ಕೆ ಪಿಸಿಬಿ, ಅಂದರೆ ಸರ್ಕ್ಯೂಟ್ ಬೋರ್ಡ್, ಬಂದಿದೆ. ಮಳೆಗಾಲದ ಇರುವೆ, ಬೆಚ್ಚಗಿನ ಜಾಗ ಹುಡುಕಿಕೊಂಡು ಬಂದ ಹಲ್ಲಿ ಬೋರ್ಡಿನ ಮೇಲೆ ಸತ್ತು ಯಂತ್ರವನ್ನೂ ಸಾಯಿಸಿರುತ್ತವೆ. ಕಂಪನಿಯವರು ಇಡೀ ಬೋರ್ಡ್ ಬದಲಿಸಬೇಕು ಎನ್ನುತ್ತಾರೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಸುತ್ತಮುತ್ತ ಸುಟ್ಟ ಬಿಡಿಭಾಗವನ್ನಷ್ಟೇ ಕಿತ್ತು ಬೆಸೆದು ಕೊಡುವ ಕೈಗಳಿವೆ. ವಾರಂಟಿ ಮುಗಿದಿದ್ದರೆ ಅಲ್ಲಿಗೊಮ್ಮೆ ಹೋಗಿಬರುವುದರಲ್ಲಿ ನಷ್ಟವಿಲ್ಲ. ಕರಾವಳಿಯ ಕಥೆಯೇ ಬೇರೆ. ಮಂಗಳೂರು, ಉಡುಪಿ, ಕಾರವಾರದ ಉಪ್ಪು ಗಾಳಿ ಕಾಯಿಲ್‌ನ ಅಲ್ಯೂಮಿನಿಯಂ ರೆಕ್ಕೆಗಳನ್ನು ತಿಂದು ಪುಡಿ ಮಾಡುತ್ತದೆ. ಅಲ್ಲಿ ಸೋರಿಕೆ ನಟ್ಟಿನಲ್ಲಿರದೆ ಕಾಯಿಲ್‌ನ ಹೊಟ್ಟೆಯಲ್ಲೇ ಇರುವ ಸಂಭವ ಹೆಚ್ಚು. ಒಂದು ಕಡೆ ಬೆಸೆದರೆ ಮತ್ತೊಂದು ಕಡೆ ತೂತು ಬೀಳುತ್ತದೆ. ‘ಇದಕ್ಕೆ ಇನ್ನು ದುಡ್ಡು ಹಾಕಬೇಡಿ’ ಎಂದು ಹೇಳುವ ಮೆಕ್ಯಾನಿಕ್ ಅಲ್ಲಿ ಸಿಕ್ಕರೆ ಅವನ ನಂಬರನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು.

ಹೀಗಾಗಿ ಮನೆಗೆ ಬಂದವನನ್ನು ಅಳೆಯಲು ನಾನು ಅವನ ಮಾತಿಗಿಂತ ಚೀಲವನ್ನೇ ನೋಡುತ್ತೇನೆ. ಮೊದಲು ಹೊರಬಂದದ್ದು ಕ್ಲ್ಯಾಂಪ್ ಮೀಟರೋ, ಸಿಲಿಂಡರೋ? ವಿದ್ಯುತ್ ಸರಿಯಿದೆಯೇ, ಕಂಪ್ರೆಸರ್ ಎಷ್ಟು ಆಂಪಿಯರ್ ಎಳೆಯುತ್ತಿದೆ ಎಂದು ನೋಡದೆ ಗ್ಯಾಸಿನ ಮಾತಿಗೆ ಇಳಿದವನು ನಾಡಿ ಹಿಡಿಯದೆ ಇಂಜೆಕ್ಷನ್ ಕೊಟ್ಟ ಡಾಕ್ಟರನಂತೆ. ತಕ್ಕಡಿ ತಂದಿದ್ದಾನೆಯೇ, ವ್ಯಾಕ್ಯೂಮ್ ಪಂಪ್ ಇದೆಯೇ? ಪಂಪ್ ಇಲ್ಲದವರು ಯಂತ್ರದ ಗ್ಯಾಸನ್ನೇ ಸ್ವಲ್ಪ ಬಿಟ್ಟು ಕೊಳವೆಯ ಗಾಳಿಯನ್ನು ಹೊರದಬ್ಬುತ್ತಾರೆ. ಗಾಳಿ ಹೋದರೂ ತೇವ ಒಳಗೇ ಉಳಿಯುತ್ತದೆ. ಈಗಿನ ಯಂತ್ರಗಳ ಕಂಪ್ರೆಸರ್ ಎಣ್ಣೆಗೆ ತೇವ ಹೀರುವ ಗುಣವಿದೆ, ಹೀರಿದರೆ ಆಮ್ಲವಾಗುತ್ತದೆ. ಎರಡು ವರ್ಷದ ನಂತರ ಕಂಪ್ರೆಸರ್ ಸುಟ್ಟಾಗ ಆ ಅರ್ಧ ಗಂಟೆಯ ಉಳಿತಾಯ ಯಾರಿಗೂ ನೆನಪಾಗುವುದಿಲ್ಲ.

ಸಿಲಿಂಡರಿನ ಮೇಲೆ ಏನು ಬರೆದಿದೆ ಎಂದು ಓದುವುದೂ ಮುಖ್ಯ. ನಮ್ಮ 2014ರ ಯಂತ್ರದಲ್ಲಿರುವುದು ಆರ್-22. ಓಜೋನ್ ಪದರಕ್ಕೆ ಹಾನಿ ಮಾಡುತ್ತದೆಂದು 1987ರ ಮಾಂಟ್ರಿಯಲ್ ಒಪ್ಪಂದದ ಅಡಿಯಲ್ಲಿ ಭಾರತವೂ 2030ರ ಹೊತ್ತಿಗೆ ಅದನ್ನು ಹಂತಹಂತವಾಗಿ ಕೈಬಿಡುತ್ತಿದೆ. ನಂತರ ಬಂದ ಆರ್-410ಎ ಓಜೋನಿಗೆ ನಿರುಪದ್ರವಿ, ಆದರೆ ಭೂಮಿ ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು ಎರಡು ಸಾವಿರ ಪಟ್ಟು ಜೋರು. ಈಗ ಹೆಚ್ಚಿನ ಹೊಸ ಯಂತ್ರಗಳಲ್ಲಿರುವ ಆರ್-32ರದು 675 ಪಟ್ಟು. ಕೆಲವು ಯಂತ್ರಗಳಲ್ಲಿ ಆರ್-290 ಬಂದಿದೆ, ಎಂದರೆ ಪ್ರೊಪೇನ್, ಅಡುಗೆ ಅನಿಲದ ಖಾಸಾ ತಮ್ಮ. ಆರ್-32 ಮೆಲ್ಲಗೆ ಹೊತ್ತಿಕೊಳ್ಳುತ್ತದೆ, ಆರ್-290 ಭಗ್ಗೆಂದು ಹೊತ್ತುತ್ತದೆ. ಒಂದರ ಜಾಗದಲ್ಲಿ ಇನ್ನೊಂದನ್ನು ತುಂಬುವಂತಿಲ್ಲ. ಬಾಯಲ್ಲಿ ಬೀಡಿ ಕಚ್ಚಿಕೊಂಡು ಕೊಳವೆ ಬಿಚ್ಚುವ ಹಳೆಯ ಶೈಲಿಗೆ ಕಾಲ ಮುಗಿಯಿತು.

ಇನ್ನೊಂದು ಸಂಗತಿಯಂತೂ ಜೀವದ್ದು. ಸೋರಿಕೆ ಪರೀಕ್ಷೆಗೆ ನೈಟ್ರೋಜನ್ ಬದಲು, ಬೆಸುಗೆಗೆಂದು ತಂದಿದ್ದ ಆಕ್ಸಿಜನ್ ತುಂಬಿದರೆ ಒಳಗಿನ ಎಣ್ಣೆಯ ಜೊತೆ ಸೇರಿ ಕಂಪ್ರೆಸರ್ ಬಾಂಬಿನಂತೆ ಸಿಡಿಯುತ್ತದೆ. ಯಂತ್ರ ಬಿಚ್ಚುವಾಗ ಗಾಳಿ ಒಳನುಗ್ಗುತ್ತಿದ್ದರೂ ಕಂಪ್ರೆಸರ್ ಓಡಿಸುತ್ತಲೇ ಇದ್ದರೆ ಅದೇ ಗತಿ. ಪರೀಕ್ಷೆಯ ಸಿಲಿಂಡರ್ ಯಾವುದು ಎಂದು ಕೇಳಲು ಮನೆಯವರಿಗೆ ಸಂಕೋಚ ಬೇಡ.

ವಿಸಿಟಿಂಗ್ ಚಾರ್ಜಿನ ಜಗಳ

ಈಗ ನಮ್ಮ ಕಡೆಯ ಲೆಕ್ಕ. ಚಾಚಾ ಅವತ್ತು ಬೆಳಿಗ್ಗೆ ಹನ್ನೊಂದರಿಂದ ಸಂಜೆ ಐದರವರೆಗೆ ನಮ್ಮ ಮನೆಗೇ ಮೀಸಲಾಗಿದ್ದರು. ಗ್ಯಾಸಿಗೆ ಇಷ್ಟು, ನೈಟ್ರೋಜನ್‌ಗೆ ಇಷ್ಟು, ‘ಹುಡ್ಕಿದ್ದಕ್ಕ’ ಒಂದು ಸಾವಿರ ಎಂದು ಚೀಟಿಯಲ್ಲಿ ಬೇರೆಬೇರೆ ಬರೆದರು. ನನ್ನ ಬಾಯಿಗೆ ಬಂದ ಮೊದಲ ಮಾತು, ಹುಡುಕಿದ್ದಕ್ಕೆ ಒಂದು ಸಾವಿರವೇ ಎಂಬುದು. ಅವ್ವ ಕಣ್ಣಲ್ಲೇ ಸುಮ್ಮನಿರಿಸಿದಳು.

ಆಮೇಲೆ ಯೋಚಿಸಿದೆ. ನಾವು ವಸ್ತುವಿಗೆ ದುಡ್ಡು ಕೊಡುತ್ತೇವೆ, ಬುದ್ಧಿಗೆ ಕೊಡುವುದಿಲ್ಲ. ಗ್ಯಾಸಿಗೆ ಮೂರು ಸಾವಿರವನ್ನು ಮರುಮಾತಿಲ್ಲದೆ ಕೊಡುವವರು 400 ರೂಪಾಯಿ ವಿಸಿಟಿಂಗ್ ಚಾರ್ಜಿಗೆ ಹದಿನೈದು ನಿಮಿಷ ಚೌಕಾಸಿ ಮಾಡುತ್ತೇವೆ. ‘ಏನೂ ಬದಲಿಸಲೇ ಇಲ್ಲವಲ್ಲ, ಬರೀ ನೋಡಿದಿರಿ’ ಎನ್ನುತ್ತೇವೆ. ಬರೀ ನೋಡುವುದಕ್ಕೆ ಅವನು ಕಲಿತ ವರ್ಷಗಳು ಬೇಕಾದವು ಎನ್ನುವುದು ನಮ್ಮ ಲೆಕ್ಕಕ್ಕೆ ಬರುವುದಿಲ್ಲ. ಅದು ಮೆಕ್ಯಾನಿಕ್‌ಗೂ ಗೊತ್ತಿದೆ. ಜಾಲರಿ ತೊಳೆದು, ಒಂದು ತಂತಿ ಬಿಗಿದು ಸರಿಮಾಡಿ 300 ರೂಪಾಯಿಗೆ ಜಗಳವಾಡುವುದಕ್ಕಿಂತ ‘ಗ್ಯಾಸ್ ಖಾಲಿ ಆಗಿದೆ ಸಾರ್’ ಎಂದು ಮೂರು ಸಾವಿರ ಮರ್ಯಾದೆಯಿಂದ ತೆಗೆದುಕೊಳ್ಳುವುದು ಅವನಿಗೂ ಸಲೀಸು. ಆ ವಾಕ್ಯವನ್ನು ಅವನ ಬಾಯಲ್ಲಿಟ್ಟದ್ದರಲ್ಲಿ ನಮ್ಮದೂ ಪಾಲಿದೆ.

ಅವನ ಬೇಸಿಗೆ ಎಂಥದ್ದು ಎಂದೂ ನೋಡಬೇಕು. ದುಡಿಮೆ ಇರುವುದು ಮಾರ್ಚಿನಿಂದ ಮೇವರೆಗೆ. ಸರ್ವಿಸ್ ಸೆಂಟರುಗಳಲ್ಲಿ ಅನೇಕರಿಗೆ ಲೆಕ್ಕ ‘ಕಾಲ್’ನ ಮೇಲೆ, ದಿನಕ್ಕೆ ಎಷ್ಟು ಮನೆ ಮುಗಿಸಿದ ಎನ್ನುವುದರ ಮೇಲೆ. ಸೋರಿಕೆ ಹುಡುಕಲು ಎರಡು ಗಂಟೆ ಕೂತರೆ ಎರಡು ಕಾಲ್ ಹೋಯಿತು. ಜೊತೆಗೆ ಎಎಂಸಿ, ಅಂದರೆ ವರ್ಷದ ನಿರ್ವಹಣೆಯ ಕರಾರು, ಮಾರಬೇಕು, ಸ್ಪ್ರೇ ಮಾರಬೇಕು. ಮೂರನೇ ಮಹಡಿಯ ಸಜ್ಜೆಯ ಮೇಲೆ ಬೆಲ್ಟ್ ಇಲ್ಲದೆ, ಒಂದು ಕೈಯಲ್ಲಿ ಕಿಟಕಿಯ ಸರಳು ಹಿಡಿದು ಇನ್ನೊಂದು ಕೈಯಲ್ಲಿ ಸ್ಪ್ಯಾನರ್ ತಿರುಗಿಸುವ ಹುಡುಗರನ್ನು ನಾವೆಲ್ಲ ನೋಡಿದ್ದೇವೆ, ನೋಡಿ ಮುಖ ತಿರುಗಿಸಿದ್ದೇವೆ. ‘ಇಲ್ಲಿ ನಿಲ್ಲಲು ಜಾಗವಿಲ್ಲ, ಯಂತ್ರವನ್ನು ಇಲ್ಲಿ ಕೂರಿಸಬೇಡಿ’ ಎಂದು ಕೂರಿಸುವ ದಿನವೇ ತಕರಾರು ತೆಗೆಯುವವನು ಬುದ್ಧಿವಂತ. ನಮ್ಮ ಬೆಂಗಳೂರಿನ ಅಪಾರ್ಟ್‌ಮೆಂಟ್ ಕಟ್ಟಿದವರಿಗೆ ಆ ಬುದ್ಧಿ ಇರಲಿಲ್ಲ.

ಓದಿನ ವಿಷಯಕ್ಕೆ ಬಂದರೆ, ಐಟಿಐಗಳಲ್ಲಿ ರೆಫ್ರಿಜರೇಷನ್ ಮತ್ತು ಏರ್ ಕಂಡೀಷನಿಂಗ್ ಎಂಬ ಎರಡು ವರ್ಷದ ಟ್ರೇಡ್ ಇದೆ. 2019ರಲ್ಲಿ ಕೇಂದ್ರ ಸರ್ಕಾರ ತಂದ ಇಂಡಿಯಾ ಕೂಲಿಂಗ್ ಆ್ಯಕ್ಷನ್ ಪ್ಲಾನ್‌ನಲ್ಲಿ 2022-23ರೊಳಗೆ ಒಂದು ಲಕ್ಷ ಮೆಕ್ಯಾನಿಕ್‌ಗಳಿಗೆ ತರಬೇತಿ ಕೊಟ್ಟು ಪ್ರಮಾಣಪತ್ರ ನೀಡುವ ಗುರಿಯೂ ಇತ್ತು. ಪ್ರಮಾಣಪತ್ರ ಇದ್ದವನನ್ನು ಕೇಳಿ ಕರೆಯುವುದು ಒಳ್ಳೆಯದೇ, ಅದರಲ್ಲೂ ಹೊಸ ಗ್ಯಾಸುಗಳ ಯಂತ್ರಕ್ಕೆ. ಚಾಚಾನ ಬಳಿ ಯಾವ ಪತ್ರವೂ ಇಲ್ಲ. ಇದನ್ನು ಬರೆಯುವಾಗ ನನಗೂ ಸ್ವಲ್ಪ ಇರಿಸುಮುರಿಸು, ಯಾಕೆಂದರೆ ಇವರಂಥವರು ಊರಿಗೊಬ್ಬರೋ ಇಬ್ಬರೋ. ಅವರನ್ನೇ ನಿಯಮ ಮಾಡಿಕೊಂಡು ಹೊರಟರೆ ಮೋಸ ಹೋಗುವುದು ಖಚಿತ.

ನಂಬರ್ ಎಲ್ಲಿಂದ ಬಂತು?

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಯಂತ್ರ ಕೆಟ್ಟ ಕ್ಷಣ ನಾವು ಮಾಡುವ ದೊಡ್ಡ ತಪ್ಪು ಮೊಬೈಲಿನಲ್ಲಿ ಕಂಪನಿಯ ಹೆಸರು ಹಾಕಿ ‘ಕಸ್ಟಮರ್ ಕೇರ್’ ಎಂದು ಹುಡುಕುವುದು. ಮೊದಲು ಕಾಣುವ ನಂಬರ್ ಕಂಪನಿಯದೇ ಆಗಿರಬೇಕೆಂದಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ನಿವೃತ್ತ ಶಿಕ್ಷಕರೊಬ್ಬರಿಗೆ ಹೀಗೆ ಸಿಕ್ಕ ಧ್ವನಿ ‘ದೂರು ದಾಖಲಿಸಲು ಹತ್ತು ರೂಪಾಯಿ ಕಳಿಸಿ’ ಎಂದು ಲಿಂಕ್ ಕೊಟ್ಟು, ಫೋನಿನ ಪರದೆಯನ್ನೇ ತನ್ನ ಕೈಗೆ ತೆಗೆದುಕೊಂಡು, ಪಿಂಚಣಿಯ ಖಾತೆ ಗುಡಿಸಿ ಹಾಕಿತು. ಅಂಥದ್ದಾದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಸರಿಯಾದ ನಂಬರ್ ವಾರಂಟಿ ಕಾರ್ಡಿನಲ್ಲೋ ಯಂತ್ರದ ಪಟ್ಟಿಯ ಮೇಲೋ ಇರುತ್ತದೆ. ಖರೀದಿಸಿದ ದಿನವೇ ಅದರ ಫೋಟೊ ತೆಗೆದಿಡಬೇಕು.

ವಾರಂಟಿ ಇರುವಷ್ಟು ದಿನ ಹೊರಗಿನವರಿಂದ ಯಂತ್ರ ಬಿಚ್ಚಿಸದಿರುವುದು ಕ್ಷೇಮ. ಬಿಚ್ಚಿಸಿದ್ದೇ ನೆಪವಾಗಿ ಕಂಪನಿ ಕೈತೊಳೆದುಕೊಂಡೀತು. ‘ಕಂಪ್ರೆಸರಿಗೆ ಹತ್ತು ವರ್ಷ’ ಎಂಬ ದೊಡ್ಡ ಅಕ್ಷರದ ಕೆಳಗೆ, ಗ್ಯಾಸು ಮತ್ತು ಕೂಲಿ ಅದರಲ್ಲಿ ಸೇರಿಲ್ಲ ಎಂಬ ಸಣ್ಣ ಅಕ್ಷರ ಇದೆಯೇ ಎಂದು ಕನ್ನಡಕ ಹಾಕಿಕೊಂಡು ನೋಡಬೇಕು. ಎಎಂಸಿಗೂ ಇದೇ ಮಾತು. ಬರೀ ತೊಳೆಯುವ ಕರಾರು ಬೇರೆ, ಬಿಡಿಭಾಗ ಸೇರಿದ ಕರಾರು ಬೇರೆ. ಬಿಲ್ಲನ್ನಂತೂ ಬಿಡಬಾರದು. ಅದರಲ್ಲಿ ‘ಸರ್ವಿಸ್’ ಎಂದಷ್ಟೇ ಬರೆಯದೆ ಏನು ಬದಲಿಸಿದ, ಎಷ್ಟು ಗ್ರಾಂ ತುಂಬಿದ, ಕೆಲಸಕ್ಕೆ ಎಷ್ಟು ದಿನದ ಹೊಣೆ ಎಂದು ಬರೆಸಿಕೊಳ್ಳಬೇಕು. ಜಗಳ ಮುಂದುವರಿದರೆ ಗ್ರಾಹಕ ಸಹಾಯವಾಣಿ 1915 ಇದೆ. ಜಿಲ್ಲಾ ಗ್ರಾಹಕರ ಆಯೋಗದಲ್ಲಿ, ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವೇ ಇಲ್ಲ. ಆದರೆ ಅಲ್ಲಿ ಮೊದಲು ಕೇಳುವುದು ಬಿಲ್ಲನ್ನೇ.

ಹಂಡೆಯಿಂದ ಗೀಸರಿಗೆ

ತಂಪಿನ ಮಾತಾಯಿತು, ಬಿಸಿಯದೂ ಎರಡು ಮಾತು. ಬಚ್ಚಲಿನ ಹಂಡೆ, ಒಲೆಗೆ ಮೆಕ್ಯಾನಿಕ್ ಬೇಕಿರಲಿಲ್ಲ. ಗೀಸರಿಗೆ ಬೇಕು, ಅದೂ ಬೋರ್‌ವೆಲ್ ನೀರಿನ ಊರುಗಳಲ್ಲಿ ಪದೇಪದೇ. ಗಡಸು ನೀರಿನ ಸುಣ್ಣ ಕಾಯಿಲ್ ಮೇಲೆ ಚಿಪ್ಪಿನಂತೆ ಕಟ್ಟಿ ಕರೆಂಟ್ ಬಿಲ್ ಏರಿಸುತ್ತದೆ, ಕೊನೆಗೆ ಕಾಯಿಲ್ ಸುಡುತ್ತದೆ. ಟ್ಯಾಂಕಿನೊಳಗೆ ಮೆಗ್ನೀಸಿಯಂ ಕಡ್ಡಿಯೊಂದು ಇರುತ್ತದೆ. ತಾನು ಕರಗಿ ಟ್ಯಾಂಕನ್ನು ತುಕ್ಕಿನಿಂದ ಉಳಿಸುವ ಬಡಪಾಯಿ ಅದು. ಸುಟ್ಟ ಕಾಯಿಲ್ ಬದಲಿಸಿ ಹೋಗುವವರು ಬಹಳ. ಕಾಯಿಲ್ ಜೊತೆಗೆ ಕಡ್ಡಿಯನ್ನೂ ಹೊರತೆಗೆದು ‘ಇದು ನೋಡಿ, ಸವೆದು ತಂತಿ ಉಳಿದಿದೆ’ ಎಂದು ತೋರಿಸುವವರು ಅಪರೂಪ. ಕೊನೆಗೆ ಅರ್ಥಿಂಗ್ ನೋಡಿ ಹೋಗುವವರು ಇನ್ನೂ ಅಪರೂಪ.

ಗ್ಯಾಸ್ ಗೀಸರಿನಲ್ಲಿ ಮಾತ್ರ ತಮಾಷೆಯಿಲ್ಲ. ಮುಚ್ಚಿದ ಬಚ್ಚಲಿನಲ್ಲಿ ಅದು ಉರಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಸ್ನಾನಕ್ಕೆ ಹೋದವರು ಹೊರಗೆ ಬರುವುದಿಲ್ಲ. ನಮ್ಮ ರಾಜ್ಯದ ಪತ್ರಿಕೆಗಳಲ್ಲೇ ಇಂಥ ಸಾವುಗಳ ಸುದ್ದಿ ಮತ್ತೆಮತ್ತೆ ಬಂದಿದೆ. ಅದನ್ನು ಬಚ್ಚಲಿನ ಹೊರಗೆ, ಗಾಳಿ ಆಡುವ ಕಡೆ ಕೂರಿಸಬೇಕು. ‘ಒಳಗೇ ಹಾಕಿಕೊಡಿ, ಪೈಪು ಉಳಿಯುತ್ತದೆ’ ಎಂದು ನೀವು ಹೇಳಿದಾಗ ‘ನಾ ಹಾಕೋದಿಲ್ಲ’ ಎಂದು ಸಾಮಾನು ಕಟ್ಟಿಕೊಂಡು ಹೊರಟವನನ್ನು ಓಡಿಹೋಗಿ ವಾಪಸು ಕರೆಯಿರಿ. ಅಷ್ಟು ಒಳ್ಳೆಯ ಮೆಕ್ಯಾನಿಕ್ ಮತ್ತೆ ಸಿಗಲಿಕ್ಕಿಲ್ಲ.

ಈ ವರ್ಷ ಮಾರ್ಚ್ ಕೊನೆಯಲ್ಲಿ ಅವ್ವನ ಫೋನ್. ಎಸಿ ಮತ್ತೆ ತಂಪು ಕೊಡುತ್ತಿಲ್ಲ, ಚಾಚಾ ಮಗಳ ಮನೆಗೆಂದು ಬೀದರಿಗೆ ಹೋಗಿದ್ದಾರೆ, ಯಾರೋ ಹೊಸ ಹುಡುಗ ಬಂದಿದ್ದಾನೆ. ಅವ್ವ ಫೋನ್ ಇಡಲು ಮರೆತು ಮಾಳಿಗೆ ಹತ್ತಿದ್ದಳು, ನನಗೆ ಎಲ್ಲ ಕೇಳುತ್ತಿತ್ತು. ಗೇಜಿನ ಕೊಳವೆ ಬಿಚ್ಚುವ ಸದ್ದು. ಆಮೇಲೆ ಹುಡುಗನ ದನಿ: ‘ಅಮ್ಮಾ, ಇದ್ರಾಗ ಗ್ಯಾಸ್...’

‘ತಡಿ ತಮ್ಮಾ,’ ಎಂದಳು ಅವ್ವ. ‘ಮೊದಲ ಆ ಮುಚ್ಚಳ ತೆಗಿ. ಒಳಗ ಬರದಿದ್ದು ಅದ, ಅದನ್ನ ಓದು.’

ಸ್ಕ್ರೂ ತಿರುಗುವ ಸದ್ದು, ತಗಡಿನ ಸದ್ದು. ಹುಡುಗ ಬಾಯಲ್ಲೇ ಗುಣುಗುತ್ತಾ ಓದಿದ: ತಾರೀಖು, ಗ್ರಾಂ, ಒತ್ತಡ, ಆಂಪಿಯರ್. ಸ್ವಲ್ಪ ಹೊತ್ತು ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ.

‘ಅಮ್ಮಾ, ಕೆಳಗ ಬೈಕಿನ ಡಿಕ್ಕ್ಯಾಗ ಮೀಟರ್ ಅದ,’ ಎಂದ. ‘ತಗೊಂಡು ಬರ್ತೀನಿ.’